ನೀರಿಗಿಳಿದ ಬೇಟೆಗಾರ: ಮಾನ್‌ಸ್ಟರ್ ಹಂಟರ್ ಟ್ರೈ ಬಗ್ಗೆ ಒಂದಿಷ್ಟು ಮಾತು

ಇವತ್ತಿನ ಮಾತು ಒಂದು ಹಳೇ ಗೇಮ್ ಬಗ್ಗೆ. ಹೆಸರು ಮಾನ್‌ಸ್ಟರ್ ಹಂಟರ್ ಟ್ರೈ. ಮಾಡಿದವರು ಕ್ಯಾಪ್‌ಕಾಮ್. 2009ರ ಆಗಸ್ಟ್ 1ಕ್ಕೆ ಜಪಾನಿನಲ್ಲಿ ಬಂತು, 2010ರ ಏಪ್ರಿಲ್‌ನಲ್ಲಿ ಅಮೆರಿಕ, ಯುರೋಪಿಗೆ ಬಂತು. ನಿಂಟೆಂಡೊ ವೀ ಕನ್ಸೋಲಿಗೆ ಅಂತಲೇ ಮಾಡಿದ ಗೇಮ್ ಇದು.

ಈಗ ಈ ಸರಣಿ ಆಡೋರಲ್ಲಿ ಬಹಳ ಜನ 2018ರ 'ವರ್ಲ್ಡ್'ನಿಂದ ಒಳಗೆ ಬಂದವರು. ಅವರ ಹತ್ತಿರ ಟ್ರೈ ಹೆಸರು ತೆಗೆದರೆ "ಓ, ಆ ನೀರಿನ ಗೇಮಾ?" ಅಂತಾರೆ. ಆ ಮಾತಿನಲ್ಲಿ ಅರ್ಧ ತಮಾಷೆ, ಅರ್ಧ ಕನಿಕರ. ಟ್ರೈನಲ್ಲಿ ಒಳ್ಳೆಯದು ಏನಿತ್ತೋ ಅದೆಲ್ಲ ಮುಂದಿನ ಗೇಮ್‌ಗಳಿಗೆ ಹೋಯ್ತು, ನೀರೊಳಗಿನ ಬೇಟೆ ಮಾತ್ರ ಎಡವಟ್ಟು, ಅದನ್ನ ಕಿತ್ತು ಹಾಕಿದ್ದು ಸರಿ ಹೋಯ್ತು, ಅನ್ನೋದು ಸಾಮಾನ್ಯ ತೀರ್ಪು. ನನಗೆ ಈ ತೀರ್ಪಿನ ಮೇಲೆ ತಕರಾರಿದೆ. ಆ ನೀರು, ಆ ಒಳ್ಳೆಯದು, ಎರಡೂ ಒಂದೇ ಬೇರಿನಿಂದ ಬಂದದ್ದು. ಅದನ್ನ ತೋರಿಸೋ ಪ್ರಯತ್ನ ಮಾಡ್ತೀನಿ.

ಈ ಸರಣಿ ಗೊತ್ತೇ ಇಲ್ಲದವರಿಗೆ ಎರಡು ಮಾತು. ನೀವೊಬ್ಬ ಬೇಟೆಗಾರ. ಹಳ್ಳಿಯೊಂದರಲ್ಲಿ ಇರ್ತೀರಿ. ಕೆಲಸ ತಗೋತೀರಿ, ಕಾಡಿಗೋ ಮರಳುಗಾಡಿಗೋ ಹೋಗಿ ಮನೆಯಷ್ಟು ದೊಡ್ಡ ಮೃಗದ ಜೊತೆ ಸೆಣಸ್ತೀರಿ. ಸಾಮಾನ್ಯವಾಗಿ ಐವತ್ತು ನಿಮಿಷದ ಗಡುವು. ಮೂರು ಸಲ ಪ್ರಜ್ಞೆ ತಪ್ಪಿ ಬಿದ್ದರೆ ಆ ಕೆಲಸ ಕೈಬಿಟ್ಟಂತೆ. ಗೆದ್ದರೆ ಮೃಗದ ಚರ್ಮ, ಕೊಂಬು, ಎಲುಬು ತಂದು ಕಮ್ಮಾರನಿಗೆ ಕೊಟ್ಟು ಹೊಸ ಕತ್ತಿ, ಹೊಸ ಕವಚ ಮಾಡಿಸ್ಕೋತೀರಿ. ಮತ್ತೆ ಅದಕ್ಕಿಂತ ದೊಡ್ಡ ಮೃಗ. ಮುಖ್ಯವಾದ ಒಂದು ವಿಷಯ: ಮೃಗದ ತಲೆ ಮೇಲೆ ಪ್ರಾಣ ಎಷ್ಟು ಉಳಿದಿದೆ ಅಂತ ತೋರಿಸೋ ಪಟ್ಟಿ ಇರಲ್ಲ. ಅದರ ನಡಿಗೆ ನೋಡಿ, ಉಸಿರು ನೋಡಿ ನೀವೇ ಊಹೆ ಮಾಡಬೇಕು. ಈ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲ ಗೇಮ್ ಬಂದದ್ದು 2004ರಲ್ಲಿ, ಪ್ಲೇಸ್ಟೇಷನ್ 2ಕ್ಕೆ. ಆದರೆ ಜಪಾನಿನಲ್ಲಿ ಇದು ಮನೆಮಾತಾಗಿದ್ದು ಪಿಎಸ್‌ಪಿ ಮೇಲೆ. ಕೈಯಲ್ಲಿ ಹಿಡಿಯೋ ಕನ್ಸೋಲ್, ನಾಲ್ಕು ಜನ ಗೆಳೆಯರು ಒಂದು ಕಡೆ ಕೂತರೆ ಸಾಕು, ಇಂಟರ್ನೆಟ್ಟೂ ಬೇಡ. 2008ರಲ್ಲಿ ಬಂದ ಪೋರ್ಟಬಲ್ ಸೆಕೆಂಡ್ ಜಿ ಮೂವತ್ತು ಲಕ್ಷಕ್ಕೂ ಹೆಚ್ಚು ಮಾರಾಟ ಆಯ್ತು. ಹೊರದೇಶದಲ್ಲಿ ಅದರ ಹೆಸರು ಫ್ರೀಡಂ ಯುನೈಟ್. ಅಂದರೆ ಟ್ರೈ ತಯಾರಾಗ್ತಿದ್ದ ಹೊತ್ತಿಗೆ ಕ್ಯಾಪ್‌ಕಾಮ್ ಕೈಯಲ್ಲಿ ಗೆಲ್ಲೋ ಸೂತ್ರ ಇತ್ತು. ಹೋದ ವರ್ಷದ ಗೇಮಿಗೇ ಇನ್ನೊಂದಿಷ್ಟು ಮೃಗ ಸೇರಿಸಿ ಮಾರಿದ್ದರೂ ಯಾರೂ ಬೇಡ ಅಂತಿರಲಿಲ್ಲ.

ಅವರು ಮಾಡಿದ್ದು ಅದರ ಉಲ್ಟಾ. ಮೂರನೇ ಗೇಮ್ ಮೊದಲು ಪ್ಲೇಸ್ಟೇಷನ್ 3ಕ್ಕೆ ಅಂತ ಇತ್ತು. ಖರ್ಚು ಕೈಮೀರುತ್ತೆ ಅಂತ 2007ರಲ್ಲಿ ಅದನ್ನ ವೀ ಕಡೆ ತಿರುಗಿಸಿದರು. ವೀ ಅಂದರೆ ಆಗ ಇದ್ದ ಮೂರು ಕನ್ಸೋಲ್‌ಗಳಲ್ಲಿ ಶಕ್ತಿ ಕಡಿಮೆ ಇದ್ದದ್ದು, ಮನೆ ಮಂದಿಯೆಲ್ಲ ಕೈ ಬೀಸಿ ಟೆನಿಸ್ ಆಡೋಕೆ ತಗೊಂಡಿದ್ದದ್ದು. ಅಂಥ ಪೆಟ್ಟಿಗೆ ಮೇಲೆ ಕೂತು ನಿರ್ದೇಶಕ ಕಾನಮೆ ಫುಜಿಯೋಕಾ, ನಿರ್ಮಾಪಕ ರಿಯೋಜೊ ತ್ಸುಜಿಮೊಟೊ ಮತ್ತವರ ತಂಡ ಇಡೀ ಮನೆಯನ್ನೇ ಖಾಲಿ ಮಾಡಿ ಹೊಸದಾಗಿ ಜೋಡಿಸೋಕೆ ಹೊರಟರು.

ಏನೇನು ಹೊರಗೆ ಹಾಕಿದರು ನೋಡಿ. ಜೋಡಿ ಕತ್ತಿ ಹೋಯ್ತು. ಬಿಲ್ಲು ಹೋಯ್ತು. ಗನ್‌ಲ್ಯಾನ್ಸ್ ಹೋಯ್ತು. ಕೊಂಬು ಊದಿ ಗೆಳೆಯರಿಗೆ ಬಲ ತುಂಬೋ ಹಂಟಿಂಗ್ ಹಾರ್ನ್, ಅದೂ ಹೋಯ್ತು. ಅದಕ್ಕೆ ಬದಲಾಗಿ ಬಂದ ಹೊಸ ಆಯುಧ ಸ್ವಿಚ್ ಆಕ್ಸ್, ಬೇಕೆಂದಾಗ ಕೊಡಲಿ, ಬೇಕೆಂದಾಗ ಕತ್ತಿ. ಬೋಗನ್‌ಗಳನ್ನ ಮೂರು ತುಂಡು ಮಾಡಿ ನಮಗಿಷ್ಟ ಬಂದ ಹಾಗೆ ಜೋಡಿಸೋಕೆ ಬಿಟ್ಟರು. ಹಳೇ ದೊಡ್ಡ ಮೃಗಗಳಲ್ಲಿ ವಾಪಸ್ ಬಂದದ್ದು ಮೂರೇ ಮೂರು: ರಾಥಿಯನ್, ರಾಥಲೋಸ್, ಡಯಾಬ್ಲೋಸ್. ಜನ ತಲೆ ಮೇಲೆ ಹೊತ್ತುಕೊಂಡಿದ್ದ ಟೈಗ್ರೆಕ್ಸ್ ಕೂಡ ಇಲ್ಲ. ಒಟ್ಟು ಹದಿನೆಂಟು ದೊಡ್ಡ ಮೃಗಗಳು, ಅದರಲ್ಲಿ ಹದಿನೈದು ಹೊಸವು. ಹಿಂದಿನ ಗೇಮಿನ ಪಟ್ಟಿಯ ಮುಂದೆ ಇದು ತೀರಾ ಚಿಕ್ಕದು. "ಇಷ್ಟೇನಾ?" ಅಂತ ಆಗ ಕೇಳಿದವರನ್ನ ನಾನು ತಪ್ಪು ಅನ್ನಲ್ಲ. ನಿಮ್ಮ ಕೈಗೆ ಒಗ್ಗಿದ ಆಯುಧವನ್ನೇ ಕಿತ್ತುಕೊಂಡರೆ ಯಾರಿಗೆ ಖುಷಿ ಆಗುತ್ತೆ?

ಆದರೆ ಆ ಚಿಕ್ಕ ಪಟ್ಟಿಯಲ್ಲಿದ್ದ ಒಂದೊಂದಕ್ಕೂ ಅವರು ಕೊಟ್ಟದ್ದು ಏನು ಅಂತ ನೋಡಬೇಕು. ಅವಕ್ಕೆ ಹಸಿವು ಕೊಟ್ಟರು. ಸುಸ್ತು ಕೊಟ್ಟರು.

ಇದು ಸಣ್ಣ ವಿಷಯ ಅಲ್ಲ. ಅಲ್ಲಿಯ ತನಕ ಈ ಸರಣಿಯಲ್ಲಿ ಮೃಗ ಅಂದರೆ ದಣಿವೇ ಇಲ್ಲದ ಯಂತ್ರ. ಸಿಟ್ಟು ಬರ್ತಿತ್ತು, ಸಾಯೋ ಹೊತ್ತಿಗೆ ಕುಂಟ್ತಿತ್ತು, ಅಷ್ಟೆ. ದಣಿಯೋದು ನಮ್ಮ ಬೇಟೆಗಾರ ಮಾತ್ರ, ಅವನಿಗೊಂದು ಶಕ್ತಿಯ ಪಟ್ಟಿ ಇರ್ತಿತ್ತು. ಟ್ರೈ ಮೊದಲ ಸಲ ಆ ನಿಯಮವನ್ನ ಮೃಗಕ್ಕೂ ಅನ್ವಯಿಸ್ತು. ಹೊಡೆದಾಟ ಎಳೆದಷ್ಟೂ ಅದರ ಬಾಯಲ್ಲಿ ಜೊಲ್ಲು ಸುರಿಯೋಕೆ ಶುರುವಾಗುತ್ತೆ, ನಡೆ ನಿಧಾನ ಆಗುತ್ತೆ. ಬೆಂಕಿ ಉಗುಳೋ ರಾಥಲೋಸ್ ಬಾಯಿ ತೆಗೆದರೆ ಬರೀ ಹೊಗೆ. ಆಮೇಲೆ ಅದು ನಿಮ್ಮನ್ನ ಬಿಟ್ಟು ಊಟಕ್ಕೆ ಹೋಗುತ್ತೆ! ಸುಮ್ಮನೆ ಮೇಯ್ತಿರೋ ಸಾಧು ಪ್ರಾಣಿ ಹತ್ತಿರ ಹೋಗಿ ಅದನ್ನ ಕೊಂದು ತಿನ್ನುತ್ತೆ. ಡಯಾಬ್ಲೋಸ್‌ಗೆ ಕಳ್ಳಿ ಬೇಕು. ಕೆಸರಲ್ಲಿ ಹೊರಳೋ ಬ್ಯಾರೋತ್‌ಗೆ ಇರುವೆ ಹುತ್ತ ಬೇಕು. ಯಾವ ಮೃಗ ಎಲ್ಲಿ ಏನು ತಿನ್ನುತ್ತೆ ಅಂತ ತಿಳಿದವನು ಅಲ್ಲೇ ಬೋನು ಒಡ್ಡಿ ಕಾಯಬಹುದು. ಇದಪ್ಪಾ ಬೇಟೆ ಅಂದರೆ. ಹಿಂದಿನವು ಬೇಟೆಯ ಹೆಸರಿನಲ್ಲಿ ನಡೀತಿದ್ದ ಕುಸ್ತಿ.

ಡೆವಿಲ್‌ಜೋ ಅಂತ ಒಂದಿದೆ. ಹಸಿವೇ ಅದರ ಇಡೀ ಸ್ವಭಾವ. ನೀವು ಬೇರೆ ಯಾವುದೋ ಮೃಗದ ಬೇಟೆಯಲ್ಲಿ ಇರ್ತೀರಿ, ಹೇಳದೆ ಕೇಳದೆ ಇದು ನುಗ್ಗಿ ಬರುತ್ತೆ. ಅದರ ಬಾಲ ಕಡಿದರೆ, ಸುಸ್ತಾದಾಗ ನೆಲದ ಮೇಲೆ ಬಿದ್ದಿರೋ ತನ್ನದೇ ಬಾಲವನ್ನ ತಿನ್ನೋಕೆ ಬರುತ್ತೆ. ಇದನ್ನ ಮೊದಲ ಸಲ ನೋಡಿದಾಗ ನನಗೆ ನಗುನೂ ಬಂತು, ಮೈ ಜುಂ ಅಂತಲೂ ಅಂತು.

ಕುರುಪೆಕೊ ಇನ್ನೊಂದು ಥರ. ಬಣ್ಣಬಣ್ಣದ ಹಕ್ಕಿ, ಬೇರೆ ಮೃಗಗಳ ಕೂಗನ್ನ ಅನುಕರಿಸುತ್ತೆ. ಹೊಡೆತ ಜಾಸ್ತಿ ಆಯ್ತು ಅಂತಾದರೆ ಕುತ್ತಿಗೆ ಚಾಚಿ, ಕುಣಿದು, ರಾಥಿಯನ್ ದನಿಯಲ್ಲಿ ಕೂಗುತ್ತೆ. ನಿಜವಾದ ರಾಥಿಯನ್ ಬಂದು ನಿಂತುಬಿಡುತ್ತೆ. ಹೊಸಬನಿಗೆ ಇದರಷ್ಟು ತಲೆಕೆಡಿಸೋದು ಬೇರೆ ಇಲ್ಲ. ಆಗ ಕೈಗೆ ಬರೋದು ಸಗಣಿ ಬಾಂಬ್. ಹೌದು, ಸರಿಯಾಗೇ ಕೇಳಿಸ್ಕೊಂಡಿರಿ. ವಾಸನೆಗೆ ಹೇಸಿ ಮೃಗ ಆ ಜಾಗ ಬಿಟ್ಟು ಹೋಗುತ್ತೆ.

ಈಗ ನೀರಿಗೆ ಬರೋಣ.

ಮೃಗವನ್ನ ನಿಜವಾದ ಪ್ರಾಣಿ ಥರ ನೋಡಬೇಕು ಅಂತ ಒಮ್ಮೆ ತೀರ್ಮಾನ ಮಾಡಿದ ಮೇಲೆ ಒಂದು ಪ್ರಶ್ನೆ ತಾನಾಗೇ ಎದ್ದು ನಿಲ್ಲುತ್ತೆ. ಪ್ರಾಣಿಗೆ ಅದರದ್ದೇ ನೆಲೆ ಇರುತ್ತಲ್ಲ? ನಮ್ಮಲ್ಲಿ ಗಜೇಂದ್ರ ಮೋಕ್ಷದ ಕಥೆ ಎಲ್ಲರಿಗೂ ಗೊತ್ತು. ದಡದ ಮೇಲೆ ಆನೆಗೆ ಎದುರಿಲ್ಲ, ನೀರಿಗೆ ಕಾಲಿಟ್ಟ ಕ್ಷಣ ಮೊಸಳೆಯದ್ದೇ ರಾಜ್ಯ. ಹಳೇ ಗೇಮ್‌ಗಳಲ್ಲಿ ನೀರಿನ ಮೃಗ ಇರಲಿಲ್ಲ ಅಂತಲ್ಲ. ಪ್ಲೆಸಿಯೋತ್ ಅನ್ನೋದು ಇತ್ತು. ಅದು ನೀರಲ್ಲಿ ಈಜ್ತಾ ಇರ್ತಿತ್ತು, ನಾವು ದಡದಲ್ಲಿ ನಿಂತು ಅದು ಯಾವಾಗ ಮೇಲೆ ಬರುತ್ತೋ ಅಂತ ಕಾಯ್ತಾ ಇರ್ತಿದ್ವಿ. ಮೃಗವೇ ನಮ್ಮ ಅನುಕೂಲಕ್ಕೆ ತನ್ನ ಮನೆ ಬಿಟ್ಟು ಬರಬೇಕಿತ್ತು. ಟ್ರೈ ಹೇಳಿದ್ದು: ಇಲ್ಲ, ನೀವೇ ಇಳೀರಿ.

ಲಾಗಿಯಾಕ್ರಸ್. ಈ ಗೇಮಿನ ಡಬ್ಬಿ ಮೇಲಿರೋ ಮೃಗ. ಮೊಸಳೆ ಮೈ, ಉದ್ದ ಕತ್ತು, ಬೆನ್ನ ಮೇಲೆ ಸಾಲಾಗಿ ಚಿಪ್ಪು. ಆ ಚಿಪ್ಪುಗಳಲ್ಲಿ ಅದು ಕರೆಂಟ್ ತುಂಬಿಸಿಕೊಳ್ಳುತ್ತೆ. ದಡಕ್ಕೆ ಬಂದಾಗ ಅದು ಕಷ್ಟದ ಮೃಗ, ಆದರೆ ಲೆಕ್ಕಕ್ಕೆ ಸಿಗೋ ಮೃಗ. ತೆವಳುತ್ತೆ, ನುಗ್ಗುತ್ತೆ, ಪಕ್ಕಕ್ಕೆ ಹಾರಿ ತಪ್ಪಿಸ್ಕೋಬಹುದು. ಅದನ್ನೇ ಹಿಂಬಾಲಿಸಿ ಸಮುದ್ರಕ್ಕೆ ಧುಮುಕಿ ನೋಡಿ. ಅಲ್ಲಿ ಅದಕ್ಕೆ ತೂಕವೇ ಇಲ್ಲ. ನಿಮ್ಮ ಕಾಲ ಕೆಳಗಿಂದ ಸದ್ದಿಲ್ಲದೆ ಹಾದು ಹೋಗುತ್ತೆ. ನೀಲಿ ಮಬ್ಬಿನಲ್ಲಿ ಮಾಯ ಆಗುತ್ತೆ, ಆಮೇಲೆ ಯಾವುದೋ ಮೂಲೆಯಲ್ಲಿ ಬೆನ್ನಿನ ಬೆಳಕು ಮಾತ್ರ ಕಾಣುತ್ತೆ. ಕರೆಂಟ್ ಬಿಟ್ಟರೆ ಸುತ್ತಲ ನೀರೆಲ್ಲ ಬೆಳಗುತ್ತೆ. ನೀವೋ, ಮಣಭಾರದ ಕತ್ತಿ ಹೊತ್ತು ಒದ್ದಾಡ್ತಾ ಈಜೋ ಮನುಷ್ಯ. ಶಕ್ತಿಯ ಪಟ್ಟಿ ಜೊತೆಗೆ ಈಗ ಉಸಿರಿನ ಪಟ್ಟಿ ಬೇರೆ. ಉಸಿರು ಕಡಿಮೆ ಆದರೆ ಮೇಲೆ ಬರಬೇಕು, ಇಲ್ಲ ತಳದಿಂದ ಏಳೋ ಗಾಳಿಗುಳ್ಳೆ ಹುಡುಕಬೇಕು.

ಇದು ಆರಾಮಾಗಿ ಆಡೋ ಥರ ಇತ್ತಾ? ಇರಲಿಲ್ಲ. ನೆಲದ ಮೇಲೆ ಎಡ, ಬಲ, ಮುಂದೆ, ಹಿಂದೆ ಇಷ್ಟೇ ಲೆಕ್ಕ. ನೀರಲ್ಲಿ ಮೇಲೆ, ಕೆಳಗೆ ಕೂಡ ಸೇರಿಕೊಳ್ತು. ಹೊಡೆತ ಎಲ್ಲಿಗೆ ಬೀಳುತ್ತೆ ಅನ್ನೋದು ಕ್ಯಾಮೆರಾ ಎಲ್ಲಿ ನೋಡ್ತಿದೆ ಅನ್ನೋದರ ಮೇಲೆ ನಿಂತಿತ್ತು, ಆ ಕ್ಯಾಮೆರಾನ ಮೃಗದ ಮೇಲೆ ಹಿಡಿದು ನಿಲ್ಲಿಸೋ ಉಪಾಯ ಟ್ರೈನಲ್ಲಿ ಇರಲಿಲ್ಲ. ಲ್ಯಾನ್ಸ್ ಹಿಡಿದವರು ಹೇಗೋ ಸಂಭಾಳಿಸಿದರು, ಉದ್ದಕ್ಕೆ ಚುಚ್ಚಿಕೊಂಡು ಹೋಗೋ ಆಯುಧ ಅದು. ಸುತ್ತಿಗೆ ಹಿಡಿದವರ ಗೋಳು ಕೇಳಬೇಡಿ. ದೂರಿದವರು ಸುಳ್ಳು ದೂರಲಿಲ್ಲ.

ಆದರೆ ದೂರಿನಲ್ಲಿ ಎರಡು ಬೇರೆ ಬೇರೆ ಸಂಗತಿ ಕಲೆಸಿ ಹೋಗಿವೆ ಅನ್ನೋದು ನನ್ನ ಮಾತು. ಕ್ಯಾಮೆರಾ ಕೈಗೆ ಸಿಗಲ್ಲ ಅನ್ನೋದು ತಾಂತ್ರಿಕ ದೋಷ, ಅದನ್ನ ಸರಿ ಮಾಡಬಹುದು. ಮಾಡಿದರು ಕೂಡ: 2011ರ ಡಿಸೆಂಬರ್‌ನಲ್ಲಿ ನಿಂಟೆಂಡೊ 3ಡಿಎಸ್‌ಗೆ ಇದೇ ಗೇಮನ್ನ ದೊಡ್ಡದು ಮಾಡಿ ತಂದಾಗ, ಬಟನ್ ಒತ್ತಿದರೆ ಕ್ಯಾಮೆರಾ ಮೃಗದ ಕಡೆ ತಿರುಗೋ ವ್ಯವಸ್ಥೆ ಬಂತು. ಹೊರದೇಶದಲ್ಲಿ ಅದರ ಹೆಸರು 3 ಅಲ್ಟಿಮೇಟ್. ಆ ಒಂದು ಬಟನ್ನಿನಿಂದ ನೀರಿನ ಬೇಟೆ ಅರ್ಧಕ್ಕರ್ಧ ಸಲೀಸಾಯ್ತು. ಇನ್ನೊಂದು ದೂರು, "ನೀರಲ್ಲಿ ನಾನು ನಿಧಾನ, ಮೃಗ ಚುರುಕು, ನನಗೆ ಹಿಡಿತವೇ ಸಿಗಲ್ಲ" ಅನ್ನೋದು. ಇದು ದೋಷ ಅಲ್ಲ. ಇದೇ ವಿಷಯ. ಅದರ ಮನೆಗೆ ಹೋಗಿ ನಿಂತಾಗ ಹಿಡಿತ ನಿಮ್ಮ ಕೈಯಲ್ಲಿ ಇರಬೇಕು ಅಂದರೆ ಹೇಗೆ?

ಗೋಬುಲ್ ನೋಡಿ. ಮುಳುಗಿದ ಕಾಡಿನ ಹೊಳೆ ತಳದಲ್ಲಿ ಮರಳು ಹೊದ್ದು ಮಲಗಿರೋ ದೈತ್ಯ ಮೀನು. ತಲೆ ಮೇಲೊಂದು ದೀಪ ತೂಗಾಡ್ತಿರುತ್ತೆ. ಬೆಳಕು ಅಂತ ಹತ್ತಿರ ಹೋದರೆ ಬಾಯಿ ತೆಗೆಯುತ್ತೆ. ಅದರ ಹತ್ತಿರ ಬಡಿದಾಡಿ ಸಾಯಬಹುದು, ಇಲ್ಲ ಗಾಳಕ್ಕೆ ಕಪ್ಪೆ ಸಿಕ್ಕಿಸಿ ದಡಕ್ಕೆ ಎಳೆಯಬಹುದು. ಅದಕ್ಕೆ ಕಪ್ಪೆ ಅಂದರೆ ಪ್ರಾಣ. ನೀರು ಇಲ್ಲದಿದ್ದರೆ ಈ ಮೃಗವೇ ಇಲ್ಲ. ಹಸಿವು ಇಲ್ಲದಿದ್ದರೆ ಈ ಉಪಾಯವೇ ಇಲ್ಲ. ಒಂದೇ ಬೇರು ಅಂತ ಆಗ ಅಂದೆನಲ್ಲ, ಇದಕ್ಕೇ.

ಕಥೆಯೂ ಹಾಗೇ ಹೆಣೆದಿದೆ. ಈ ಸರಣಿಯಲ್ಲಿ ಕಥೆ ಅಂದರೆ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ, ಆದರೂ ಹೇಳ್ತೀನಿ. ಮೋಗಾ ಅಂತ ಮೀನುಗಾರರ ಹಳ್ಳಿ. ಸಮುದ್ರದ ಮೇಲೆ ಹಲಗೆ ಹಾಸಿ ಕಟ್ಟಿದ್ದು. ಅಲ್ಲಿ ಪದೇಪದೇ ಭೂಮಿ ಅದುರುತ್ತೆ. ಲಾಗಿಯಾಕ್ರಸ್‌ನ ಕೆಲಸ ಇದು, ಅದನ್ನ ಓಡಿಸು ಅಂತ ನಿಮ್ಮನ್ನ ಕಳಿಸ್ತಾರೆ. ನೀವು ಕಷ್ಟಪಟ್ಟು ಅದನ್ನ ಸೋಲಿಸ್ತೀರಿ. ನೆಲ ಮತ್ತೆ ಅದುರುತ್ತೆ. ಕಾರಣ ಅದಾಗಿರಲೇ ಇಲ್ಲ. ಅದಕ್ಕಿಂತ ಎಷ್ಟೋ ಆಳದಲ್ಲಿ ಸೀಡಿಯಸ್ ಅನ್ನೋ ಪುರಾತನ ಪ್ರಾಣಿ ಇದೆ, ಕಂಪನಕ್ಕೆ ಅದು ಕಾರಣ. ಊರು ಖಾಲಿ ಮಾಡಿ ಅಂತ ಮೇಲಿನವರ ಆಜ್ಞೆ ಬರುತ್ತೆ. ಹಳ್ಳಿಯವರಿಗೆ ಸಮುದ್ರ ಬಿಟ್ಟರೆ ಬೇರೆ ಬದುಕಿಲ್ಲ. ಕೊನೆಯ ದೊಡ್ಡ ಬೇಟೆಯೂ ಪೂರ್ತಿ ನೀರಿನೊಳಗೇ ನಡೆಯುತ್ತೆ.

ಈ ಹಳ್ಳಿ ಪಕ್ಕ ಮೋಗಾ ಕಾಡು ಇದೆ. ಅಲ್ಲಿ ಐವತ್ತು ನಿಮಿಷದ ಗಡುವಿಲ್ಲ. ಯಾವಾಗ ಬೇಕಾದರೂ ಹೋಗಿ, ಎಷ್ಟು ಹೊತ್ತಾದರೂ ಇರಿ. ಹಗಲಿಗೊಂದು ಥರ, ರಾತ್ರಿಗೊಂದು ಥರ ಮೃಗ. ಅಲ್ಲಿಂದ ತಂದದ್ದು ಹಳ್ಳಿಯ ಲೆಕ್ಕಕ್ಕೆ ಜಮಾ ಆಗುತ್ತೆ, ಅದರಿಂದ ಹೊಲ, ದೋಣಿ ಸುಧಾರಿಸುತ್ತೆ. ಇದರ ಬಗ್ಗೆ ಹೆಚ್ಚು ಹೇಳಲ್ಲ. ವರ್ಲ್ಡ್ ಆಡಿದವರು ಇದನ್ನ ನೋಡಿದರೆ ತಕ್ಷಣ ಗುರುತು ಹಿಡೀತಾರೆ.

ಜಪಾನಿನ ಫಾಮಿತ್ಸು ಪತ್ರಿಕೆ ಈ ಗೇಮಿಗೆ ನಲವತ್ತಕ್ಕೆ ನಲವತ್ತು ಅಂಕ ಕೊಟ್ಟಿತು. ಅಲ್ಲಿ ಸುಮಾರು ಹತ್ತು ಲಕ್ಷ ಮಾರಾಟ ಆಯ್ತು. ಬೇರೆ ಗೇಮಿಗಾಗಿದ್ದರೆ ಹಬ್ಬ ಮಾಡೋ ಸಂಖ್ಯೆ. ಆದರೆ 2010ರ ಡಿಸೆಂಬರ್‌ನಲ್ಲಿ ಪಿಎಸ್‌ಪಿಗೆ ಪೋರ್ಟಬಲ್ ಥರ್ಡ್ ಬಂತು. ಟ್ರೈನ ಬಹುಪಾಲು ಮೃಗ ತಗೊಂಡರು, ಹಸಿವು ಸುಸ್ತು ತಗೊಂಡರು, ಕಿತ್ತು ಹಾಕಿದ್ದ ಆಯುಧಗಳನ್ನೆಲ್ಲ ವಾಪಸ್ ತಂದರು, ಟೈಗ್ರೆಕ್ಸ್‌ನೂ ಕರೆದರು. ನೀರನ್ನ ಮಾತ್ರ ಬತ್ತಿಸಿಬಿಟ್ಟರು. ನಲವತ್ತು ಲಕ್ಷಕ್ಕೂ ಹೆಚ್ಚು ಮಾರಾಟ! ನೀರು ಹೋದ ಮೇಲೆ ಲಾಗಿಯಾಕ್ರಸ್, ಗೋಬುಲ್, ಸೀಡಿಯಸ್ ಮೂರೂ ಆ ಗೇಮಿನಲ್ಲಿ ಇಲ್ಲ. 2013ರ ನಾಲ್ಕನೇ ಗೇಮ್ ಎತ್ತರ ತಗ್ಗಿನ ನೆಲ, ಹತ್ತೋದು, ಹಾರೋದು ತಂದಿತು. ಮೇಲೆ ಕೆಳಗೆ ಅನ್ನೋ ಲೆಕ್ಕ ಉಳೀತು, ಆದರೆ ಗಾಳಿಯಲ್ಲಿ. ಅಲ್ಲಿ ಎತ್ತರ ಬೇಟೆಗಾರನ ಕಡೆ, ಮೃಗದ ಬೆನ್ನ ಮೇಲೇ ಹಾರಿ ಕೂರ್ತಾನೆ. ಆಟವಾಗಿ ಅದು ಚೆನ್ನಾಗೇ ಇದೆ. ಆದರೆ ಟ್ರೈ ಕೇಳಿದ ಪ್ರಶ್ನೆ ಅಲ್ಲಿ ಇಲ್ಲ.

ಆಮೇಲೆ 2015ರಲ್ಲಿ ಲಾಗಿಯಾಕ್ರಸ್ ಇನ್ನೊಂದು ಗೇಮಿಗೆ ಬಂತು, ಜನರೇಷನ್ಸ್ ಅಂತ. ನೀರಿಲ್ಲ. ದಡದ ಮೇಲೆ ಬೇಟೆ. ಮೃಗಾಲಯದಲ್ಲಿ ಒಣಗಿದ ಹೊಂಡದ ಪಕ್ಕ ಬಿದ್ದಿರೋ ಮೊಸಳೆ ನೋಡಿದ ಹಾಗೆ ನನಗೆ ಆಗಿತ್ತು.

ಇನ್ನು ಟ್ರೈಗೇ ಏನಾಯ್ತು ಅಂತ ಹೇಳಬೇಕು. ಇದು ನನಗೆ ಹತ್ತಿರದ ವಿಷಯ. ಈ ಗೇಮಿನಲ್ಲಿ ಎರಡು ಊರು. ಮೋಗಾ ಹಳ್ಳಿ ಒಬ್ಬರೇ ಆಡೋಕೆ. ಲಾಕ್‌ಲ್ಯಾಕ್ ಅನ್ನೋ ಮರಳುಗಾಡಿನ ಪಟ್ಟಣ ಆನ್‌ಲೈನಿಗೆ, ನಾಲ್ಕು ಜನ ಸೇರಿ ಬೇಟೆಗೆ ಹೋಗೋಕೆ. ಕಷ್ಟದ ಮೇಲ್ದರ್ಜೆ ಬೇಟೆಗಳೆಲ್ಲ ಈ ಪಟ್ಟಣದಲ್ಲಿ ಮಾತ್ರ. 2013ರ ಏಪ್ರಿಲ್ 30ಕ್ಕೆ ಅಮೆರಿಕ, ಯುರೋಪಿನ ಸರ್ವರ್ ಮುಚ್ಚಿದರು. ಆ ಪಟ್ಟಣವೇ ಹೋಯ್ತು.

ನಾನು ಟ್ರೈ ಆಡಿದ್ದು ಅದಾದ ಮೇಲೆ. ಕೆಲಸಕ್ಕೆ ಅಂತ ಮುಂಬೈಗೆ ಬಂದ ಹೊಸದು. ಠಾಣೆಯ ಬಾಡಿಗೆ ರೂಮಿನಲ್ಲಿ ಹಿಂದಿದ್ದ ಹುಡುಗ ಮಾರಿ ಹೋದ ವೀ, ಜೊತೆಗೆ ಈ ಡಿಸ್ಕ್. ನನಗೆ ಸಿಕ್ಕಿದ್ದು ಅರ್ಧ ಗೇಮ್. ಮೋಗಾದಲ್ಲೇ ಒಬ್ಬನೇ ಅಡ್ಡಾಡಿದೆ. ರಾತ್ರಿ ಹತ್ತರ ಮೇಲೆ ಲೋಕಲ್ ಇಳಿದು ಬಂದು, ಕುಕ್ಕರ್ ಇಟ್ಟು, ಅದು ಕೂಗೋ ಅಷ್ಟರಲ್ಲಿ ಮೋಗಾ ಕಾಡಿಗೊಂದು ಸುತ್ತು. ಲಾಕ್‌ಲ್ಯಾಕ್ ಹೇಗಿತ್ತು ಅಂತ ಯೂಟ್ಯೂಬ್‌ನಲ್ಲಿ ಬೇರೆಯವರ ಹಳೇ ವಿಡಿಯೋ ನೋಡಿ ತಿಳ್ಕೊಂಡೆ. ಮರಳ ಬಿರುಗಾಳಿ, ಗಿಜಿಗುಟ್ಟೋ ಸಂತೆ, ಪರದೇಶದ ಬೇಟೆಗಾರರು ಕೈ ಬೀಸ್ತಾ ಇರೋದು. ಪುಸ್ತಕ ಕೊಂಡ ಮೇಲೆ ಅದರ ಕೊನೇ ನೂರು ಪುಟ ಅಳಿಸಿ ಹೋದರೆ ನಾವು ಸುಮ್ಮನಿರ್ತೀವಾ? ಗೇಮ್ ವಿಷಯದಲ್ಲಿ ಇರ್ತೀವಿ. ಅಭಿಮಾನಿಗಳು ತಾವೇ ಕೋಡ್ ಬಿಡಿಸಿ, ತಮ್ಮದೇ ಸರ್ವರ್ ಕಟ್ಟಿ ಆ ಪಟ್ಟಣದ ಬಾಗಿಲನ್ನ ಮತ್ತೆ ತೆರೆದಿದ್ದಾರೆ ಅನ್ನೋದು ನನಗೆ ದೊಡ್ಡ ಸಮಾಧಾನ. ಕಂಪನಿ ಮಾಡಬೇಕಿದ್ದ ಕೆಲಸ ಅದು, ಸಂಬಳ ಇಲ್ಲದವರು ಮಾಡಿದರು.

ಪ್ರಯೋಗ ಮಾಡಿದ ಗೇಮ್‌ಗಳಿಗೆ ಇದು ಇನ್ನೂ ಕೆಟ್ಟದು. ಗೆದ್ದ ಗೇಮನ್ನ ಹೊಸ ಕನ್ಸೋಲಿಗೆ ಮತ್ತೆ ಮತ್ತೆ ಹೊರತರ್ತಾರೆ. ಟ್ರೈನಂಥದ್ದು ನಿಂತಲ್ಲೇ ನಿಲ್ಲುತ್ತೆ. 3 ಅಲ್ಟಿಮೇಟ್ 3ಡಿಎಸ್, ವೀ ಯು ಎರಡರಲ್ಲೇ ಉಳೀತು. ಆ ಎರಡರ ಅಂಗಡಿ 2023ರ ಮಾರ್ಚ್‌ನಲ್ಲಿ, ಆನ್‌ಲೈನ್ ಆಟ 2024ರ ಏಪ್ರಿಲ್‌ನಲ್ಲಿ ನಿಂತವು. ಹೊಸಬರು "ಆ ನೀರಿನ ಗೇಮಾ" ಅಂತ ನಗೋದು ಕೂಡ ಬೇರೆಯವರ ಬಾಯಿಂದ ಕೇಳಿದ ನಗು, ಅವರು ಆಡಿ ನೋಡೋಕೆ ದಾರಿಯೇ ಇಲ್ಲ.

ವಿಚಿತ್ರ ಅಂದರೆ 2025ರ 'ವೈಲ್ಡ್ಸ್'ಗೆ ಜೂನ್ 30ರಂದು ಬಂದ ಅಪ್‌ಡೇಟ್‌ನಲ್ಲಿ ಲಾಗಿಯಾಕ್ರಸ್ ಮತ್ತೆ ಬಂತು. ಈ ಸಲ ಬೇಟೆಯ ನಡುವೆ ನೀರೊಳಗೆ ಒಂದು ಸುತ್ತು ಇದೆ. ನೀರಿನ ಬೇಟೆ ಸತ್ತ ವಿಷಯ ಅಂತ ಹತ್ತು ವರ್ಷಕ್ಕೂ ಮೇಲೆ ಹೇಳಿಕೊಂಡು ಬಂದವರೇ ಆ ಟ್ರೇಲರ್ ನೋಡಿ ಕುಣಿದರು. ನಾನೂ ಕುಣಿದೆ. ಆಡಿದ ಮೇಲೆ ನನಗನಿಸಿದ್ದು, ಇದು ಅತಿಥಿ ಸತ್ಕಾರ. ಚಂದ ಇದೆ, ಬೆಳಕು ಅದ್ಭುತ, ಕ್ಯಾಮೆರಾ ಹೇಳಿದ ಮಾತು ಕೇಳುತ್ತೆ. ಸ್ವಲ್ಪ ಹೊತ್ತು ನೀರು, ಮತ್ತೆ ನೆಲ. ಟ್ರೈನಲ್ಲಿ ಇಳಿಯುವಾಗ ಆಗ್ತಿದ್ದ ಹೊಟ್ಟೆ ತೊಳಸೋ ಭಯ ಅಲ್ಲಿಲ್ಲ. ಹೊಸಬರಿಗೆ ಬೇರೆ ಥರ ಅನಿಸಿರಬಹುದು, ಅವರು ಹೇಳಲಿ.

ನಿಮಗೆ ಎಲ್ಲಾದರೂ ಟ್ರೈ ಡಿಸ್ಕ್ ಸಿಕ್ಕರೆ, ಇಲ್ಲ ಹಳೇ 3ಡಿಎಸ್ ಜೊತೆ 3 ಅಲ್ಟಿಮೇಟ್ ಕಾರ್ಟ್ರಿಜ್ ಸಿಕ್ಕರೆ, ನನ್ನದೊಂದು ಸಲಹೆ. ಎರಡನೆಯದು ಸಿಕ್ಕರೆ ಅದನ್ನೇ ಹಿಡೀರಿ, ಅದರಲ್ಲಿ ಮೇಲ್ದರ್ಜೆ ಬೇಟೆಯೂ ಒಬ್ಬರೇ ಆಡಬಹುದು, ಸರ್ವರ್ ಹಂಗಿಲ್ಲ. ಮೊದಲ ದಿನ ಲಾಗಿಯಾಕ್ರಸ್ ತಂಟೆಗೆ ಹೋಗಬೇಡಿ. ಮೋಗಾ ಕಾಡಿನ ಕೊನೆಗೆ ನಡೆದು ಹೋಗಿ ಸಮುದ್ರಕ್ಕೆ ಇಳೀರಿ. ಕತ್ತಿ ಬೆನ್ನಿನಿಂದ ತೆಗೆಯದೆ ಸುಮ್ಮನೆ ತಳದ ತನಕ ಈಜಿ. ಗಾಳಿಗುಳ್ಳೆ ಎಲ್ಲೆಲ್ಲಿ ಏಳುತ್ತೆ ಅಂತ ನೋಡಿಟ್ಟುಕೊಳ್ಳಿ. ಎರಡನೇ ದಿನ ಆ ಜಾಗ ನೆನಪಿದ್ದರೆ ಬದುಕ್ತೀರಿ.